ಆರೋಪಿಯ ಎದುರು ಕೂತ ತಜ್ಞರು ಯಾರ ಕಡೆಯವರು?

1970ರ ದಶಕದ ಆರಂಭದಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ದಿನಸಿ ಅಂಗಡಿಯೊಂದರ ದರೋಡೆ ನಡೆದು, ಅಂಗಡಿಯ ನೌಕರ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದವನು ಒಬ್ಬ, ಜೊತೆಗಿದ್ದವನು ಅರ್ನೆಸ್ಟ್ ಸ್ಮಿತ್ ಎಂಬ ಇನ್ನೊಬ್ಬ. ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದ ಸ್ಮಿತ್ ವಿಚಾರಣೆ ಎದುರಿಸುವಷ್ಟು ಮಾನಸಿಕವಾಗಿ ಸಮರ್ಥನೇ ಎಂದು ನೋಡಿ ತಿಳಿಸುವಂತೆ ನ್ಯಾಯಾಧೀಶರು ಮನೋವೈದ್ಯ ಜೇಮ್ಸ್ ಗ್ರಿಗ್ಸನ್ ಅವರಿಗೆ ಸೂಚಿಸಿದರು. ಗ್ರಿಗ್ಸನ್ ಜೈಲಿಗೆ ಹೋಗಿ ಸುಮಾರು 90 ನಿಮಿಷ ಮಾತನಾಡಿದರು, ಸಮರ್ಥನಿದ್ದಾನೆ ಎಂದು ವರದಿ ಕೊಟ್ಟರು. ಅವರ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಪರಾಧ ಸಾಬೀತಾಗಿ ಶಿಕ್ಷೆ ಎಷ್ಟು ಎಂಬ ಪ್ರಶ್ನೆ ಬಂದಾಗ ಅದೇ ವೈದ್ಯರು ಸಾಕ್ಷಿಕಟ್ಟೆ ಹತ್ತಿ, ಅದೇ 90 ನಿಮಿಷಗಳ ಮಾತುಕತೆಯನ್ನು ಆಧಾರವಾಗಿಟ್ಟುಕೊಂಡು, ಈತ ತೀವ್ರ ಸಮಾಜವಿರೋಧಿ ಸ್ವಭಾವದವನು, ಯಾವ ಚಿಕಿತ್ಸೆಯೂ ಇವನನ್ನು ತಿದ್ದಲಾರದು, ಅವಕಾಶ ಸಿಕ್ಕರೆ ಮತ್ತೆ ಹಿಂಸೆಗೆ ಇಳಿಯುತ್ತಾನೆ ಎಂದು ನುಡಿದರು. ಜ್ಯೂರಿ ಮರಣದಂಡನೆ ವಿಧಿಸಿತು.

1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಎತ್ತಿಹಿಡಿಯಲಿಲ್ಲ. ತಾನು ಆಡುವ ಮಾತು ತನ್ನ ಜೀವಕ್ಕೇ ಕುತ್ತಾಗಬಹುದು ಎಂದು ಸ್ಮಿತ್‌ಗೆ ಯಾರೂ ಹೇಳಿರಲಿಲ್ಲ. ಸುಮ್ಮನಿರುವ ಹಕ್ಕು ಇದೆ ಎಂಬುದನ್ನೂ ತಿಳಿಸಿರಲಿಲ್ಲ. ಭೇಟಿಯ ಉದ್ದೇಶ ಅಷ್ಟು ದೂರ ಹೋಗುತ್ತದೆ ಎಂಬ ಸುಳಿವು ಅವನ ವಕೀಲರಿಗೂ ಇರಲಿಲ್ಲ. ಹೀಗೆ ಪಡೆದ ಮಾತನ್ನು ಗಲ್ಲಿಗೇರಿಸಲು ಬಳಸುವುದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು.

ಕ್ರಿಮಿನಲ್ ಪ್ರಕರಣಗಳಲ್ಲಿ ಆರೋಪಿಯ ಮನಸ್ಸನ್ನು ಪರೀಕ್ಷಿಸಿ ನ್ಯಾಯಾಲಯಕ್ಕೆ ವರದಿ ಕೊಡುವ ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯರ ನೈತಿಕ ತೊಡಕುಗಳ ಬಗ್ಗೆ ಮಾತು ಬಂದಾಗಲೆಲ್ಲ ಇಂಥ ಪ್ರಸಂಗಗಳೇ ಮುಂದೆ ಬರುತ್ತವೆ. ಬರಲಿ, ತಪ್ಪಿಲ್ಲ. ಆದರೆ ಇವುಗಳನ್ನಷ್ಟೇ ನೋಡಿದರೆ ದುಡ್ಡಿಗೋ ಹೆಸರಿಗೋ ಮಾತನಾಡುವ ಕೆಲವರು ಕೆಟ್ಟವರು, ಉಳಿದವರೆಲ್ಲ ಸರಿ ಎಂಬ ಸಮಾಧಾನ ಹುಟ್ಟುತ್ತದೆ. ನನ್ನ ಎಣಿಕೆ ಬೇರೆ. ಈ ಕ್ಷೇತ್ರದ ಗಟ್ಟಿ ಸಮಸ್ಯೆಗಳು ಹುಟ್ಟುವುದು ಪ್ರಾಮಾಣಿಕರಿಂದ. ಚೆನ್ನಾಗಿ ಕೇಳಿಸಿಕೊಳ್ಳುವ, ಎದುರಿನವರ ನೋವಿಗೆ ಕರಗುವ, ನ್ಯಾಯಾಲಯಕ್ಕೆ ನೆರವಾಗಬೇಕೆಂದು ಮನಸಾರೆ ಬಯಸುವ ತಜ್ಞರ ಒಳ್ಳೆಯ ಗುಣಗಳೇ ಇಲ್ಲಿ ಅಪಾಯಕಾರಿಯಾಗಬಲ್ಲವು.

ಕೇಳುವ ಪ್ರಶ್ನೆ ಒಂದೇ ಅಲ್ಲ

ಮೊದಲು ಒಂದು ಗೊಂದಲ ಪರಿಹಾರವಾಗಬೇಕು. "ಆರೋಪಿಯ ಮಾನಸಿಕ ಸ್ಥಿತಿ ಪರೀಕ್ಷೆ" ಎಂಬ ಸುದ್ದಿ ಓದಿದಾಗ ಅದು ಒಂದೇ ಬಗೆಯ ಪರೀಕ್ಷೆ ಎನಿಸುತ್ತದೆ. ಹಾಗಲ್ಲ. ವಿಚಾರಣೆ ಎದುರಿಸುವ ಸಾಮರ್ಥ್ಯದ ಪ್ರಶ್ನೆ ಇಂದಿನ ಮನಸ್ಸಿಗೆ ಸಂಬಂಧಿಸಿದ್ದು. ತನ್ನ ಮೇಲಿನ ಆರೋಪ ಏನು, ನ್ಯಾಯಾಲಯದಲ್ಲಿ ಯಾರು ಏನು ಮಾಡುತ್ತಾರೆ ಎಂಬುದು ಅವನಿಗೆ ಗೊತ್ತೇ, ತನ್ನ ವಕೀಲರ ಜೊತೆ ಕೂತು ವಿವೇಚನೆಯಿಂದ ಮಾತನಾಡಬಲ್ಲನೇ ಎಂಬುದಷ್ಟೇ ಇಲ್ಲಿ ಮುಖ್ಯ. ಅಮೆರಿಕದಲ್ಲಿ 1960ರ ಡಸ್ಕಿ ತೀರ್ಪು ಈ ಅಳತೆಗೋಲನ್ನು ಕೊಟ್ಟಿತು.

ಹೊಣೆಗಾರಿಕೆಯ ಪ್ರಶ್ನೆ ಹಿಂದಕ್ಕೆ ನೋಡುತ್ತದೆ. ಕೃತ್ಯ ಎಸಗಿದ ಆ ಗಳಿಗೆಯಲ್ಲಿ ತಾನು ಮಾಡುತ್ತಿರುವುದು ಏನು, ಅದು ತಪ್ಪು ಎಂಬ ಅರಿವು ಅವನಿಗಿತ್ತೇ? 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಗುಂಡಿಕ್ಕಿ ಕೊಂದು, ಚಿತ್ತವಿಕಲತೆಯ ಆಧಾರದ ಮೇಲೆ ಖುಲಾಸೆಯಾದ. ಅದರ ಬೆನ್ನಿಗೆ ರೂಪುಗೊಂಡ ನಿಯಮಗಳೇ ಹಲವು ದೇಶಗಳ ಕಾನೂನಿನಲ್ಲಿ ಇಂದಿಗೂ ಉಳಿದಿವೆ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಮು ಅದರದೇ ಸಂತತಿ. ಮೂರನೆಯದು ಮುಂದಕ್ಕೆ ನೋಡುವ ಪ್ರಶ್ನೆ: ಇವನು ಮತ್ತೆ ಅಪಾಯಕಾರಿಯಾಗುತ್ತಾನೆಯೇ?

ಇಂದು, ಅಂದು, ನಾಳೆ. ಮೂರಕ್ಕೂ ಬೇಕಾದ ಮಾಹಿತಿ ಬೇರೆ, ಖಚಿತತೆಯ ಮಟ್ಟ ಬೇರೆ, ಆರೋಪಿಗೆ ಎದುರಾಗುವ ಅಪಾಯವೂ ಬೇರೆ. ಒಂದಕ್ಕೆಂದು ಕರೆದವರು ಇನ್ನೊಂದಕ್ಕೆ ಉತ್ತರಿಸಿದರೆ ಏನಾಗುತ್ತದೆ ಎಂಬುದನ್ನು ಸ್ಮಿತ್ ಪ್ರಕರಣದಲ್ಲೇ ನೋಡಿದೆವು.

ಎಚ್ಚರಿಕೆ ಕೊಟ್ಟ ಮೇಲೂ

ಆ ತೀರ್ಪಿನ ನಂತರ ಪರೀಕ್ಷೆಗೆ ಮುನ್ನ ಎಚ್ಚರಿಕೆ ಕೊಡುವುದು ಈ ವೃತ್ತಿಯ ಮೊದಲ ಪಾಠ. "ನಾನು ನಿಮಗೆ ಚಿಕಿತ್ಸೆ ಕೊಡಲು ಬಂದಿಲ್ಲ. ನ್ಯಾಯಾಲಯ ಕಳುಹಿಸಿದೆ. ನೀವು ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ, ವರದಿಯಲ್ಲಿ ಬರಬಹುದು. ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸದೆ ಇರಬಹುದು." ಇಷ್ಟು ಹೇಳಿ, ಅರ್ಥವಾಯಿತೇ ಎಂದು ಕೇಳಿ, ಆರೋಪಿ ತನ್ನದೇ ಮಾತಿನಲ್ಲಿ ಏನು ಹೇಳಿದ ಎಂಬುದನ್ನು ಬರೆದುಕೊಳ್ಳಬೇಕು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ತೊಡಕು ಶುರುವಾಗುವುದು ಹತ್ತು ನಿಮಿಷ ಕಳೆದ ಮೇಲೆ. ಜೈಲಿನಲ್ಲಿರುವವನನ್ನು ತಿಂಗಳುಗಟ್ಟಲೆ ಯಾರೂ ಸೌಜನ್ಯದಿಂದ ಮಾತನಾಡಿಸಿರುವುದಿಲ್ಲ. ಈಗ ಎದುರಿಗೆ ಒಬ್ಬರು ಕೂತು ಬಾಲ್ಯ ಹೇಗಿತ್ತು, ರಾತ್ರಿ ನಿದ್ದೆ ಬರುತ್ತದೆಯೇ, ತಾಯಿ ತೀರಿಕೊಂಡಾಗ ವಯಸ್ಸೆಷ್ಟು ಎಂದು ಮೆಲುದನಿಯಲ್ಲಿ ಕೇಳುತ್ತಿದ್ದಾರೆ. ತಲೆದೂಗುತ್ತಿದ್ದಾರೆ. ಮಾತು ನಿಂತಾಗ ಅವಸರಪಡಿಸದೆ ಕಾಯುತ್ತಿದ್ದಾರೆ. ಇದೆಲ್ಲ ತಜ್ಞರು ವರ್ಷಗಟ್ಟಲೆ ತರಬೇತಿ ಪಡೆದು ಕಲಿತ ಕೌಶಲ, ಕಲಿತದ್ದು ರೋಗಿಯನ್ನು ಗುಣಪಡಿಸಲು. ಆರೋಪಿಯ ಮನಸ್ಸು ತೆರೆದುಕೊಳ್ಳುತ್ತದೆ. ಮೊದಲು ಕೇಳಿದ ಎಚ್ಚರಿಕೆ ಎಲ್ಲೋ ಕರಗಿಹೋಗುತ್ತದೆ. "ಡಾಕ್ಟರೇ, ನಿಮಗಷ್ಟೇ ಹೇಳುತ್ತೇನೆ" ಎಂದು ಆತ ಶುರುಮಾಡಿದರೆ ಎಚ್ಚರಿಕೆ ಅವನೊಳಗೆ ಇಳಿದಿಲ್ಲ ಎಂದೇ ಅರ್ಥ. ವಿಮಾ ಕಂಪನಿಯ ಪರವಾಗಿ ತಪಾಸಣೆ ಮಾಡುವ ವೈದ್ಯರನ್ನು ತನ್ನ ವೈದ್ಯರೆಂದೇ ನಂಬಿ ಹಳೆಯ ಕಾಯಿಲೆಗಳನ್ನೆಲ್ಲ ಹೇಳಿಕೊಳ್ಳುವವರ ಸ್ಥಿತಿ ಇದು. ಅಲ್ಲಿ ಹೋಗುವುದು ವಿಮೆ, ಇಲ್ಲಿ ಹೋಗುವುದು ಸ್ವಾತಂತ್ರ್ಯ.

ಆ ಗಳಿಗೆಯಲ್ಲಿ ತಜ್ಞರು ಏನು ಮಾಡಬೇಕು? ತಡೆದು, ನಾನು ಯಾರೆಂದು ಮತ್ತೆ ನೆನಪಿಸಬೇಕು. ಹಾಗೆ ಮಾಡಿದರೆ ಮಾತಿನ ಹರಿವು ಕಡಿದು, ಸಿಗಬಹುದಾಗಿದ್ದ ಮುಖ್ಯ ಮಾಹಿತಿ ಕೈತಪ್ಪಬಹುದು. ಮಾಡದಿದ್ದರೆ ವಿಶ್ವಾಸವನ್ನು ಬಲೆಯಾಗಿ ಬಳಸಿದಂತಾಗುತ್ತದೆ. ಮತ್ತೆ ಮತ್ತೆ ನೆನಪಿಸುವುದೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಲ್ಲ ಅನುಕಂಪವನ್ನೂ ಒರೆಸಿಹಾಕಿ ಕಲ್ಲಿನಂತೆ ಕೂರಬೇಕು ಎನ್ನುವವರ ಮಾತೂ ಒಪ್ಪುವಂಥದ್ದಲ್ಲ. ಭಯದಿಂದ ಮುದುಡಿದ ಮನುಷ್ಯನ ಮನಸ್ಸು ಕಲ್ಲಿನ ಮುಖದ ಎದುರು ಸರಿಯಾಗಿ ಕಾಣಿಸುವುದಿಲ್ಲ. ಎದುರಿಗಿರುವವರನ್ನು ಮನುಷ್ಯರೆಂದು ಗೌರವಿಸುವುದು ಬೇರೆ, ನಿಮ್ಮ ಪರ ನಾನಿದ್ದೇನೆ ಎಂಬ ಭಾವನೆ ಹುಟ್ಟಿಸುವುದು ಬೇರೆ. ಕುರ್ಚಿಯಲ್ಲಿ ಕೂತಾಗ ಈ ಎರಡರ ನಡುವಿನ ಗೆರೆ ಬಹಳ ತೆಳ್ಳಗಿರುತ್ತದೆ.

ಇನ್ನೊಂದು ಸುಳಿಯೂ ಇದೆ. ಆರೋಪಿಗೆ ವಿಷಯಗಳನ್ನು ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಇದೆಯೇ ಎಂದು ತಿಳಿಯಲು ಪರೀಕ್ಷೆ ನಡೆಯುತ್ತದೆ. ಪರೀಕ್ಷೆಗೆ ಮುನ್ನ ಕೊಡುವ ಎಚ್ಚರಿಕೆಯನ್ನು ಅರ್ಥಮಾಡಿಕೊಳ್ಳಲೂ ಅದೇ ಸಾಮರ್ಥ್ಯ ಬೇಕು! ಆದ್ದರಿಂದಲೇ ನ್ಯಾಯಾಲಯದ ಆದೇಶದ ಮೇರೆಗೆ ನಡೆಯುವ ಪರೀಕ್ಷೆಯಲ್ಲಿ ಆರೋಪಿಯ ಒಪ್ಪಿಗೆ ಕಡ್ಡಾಯವಲ್ಲ, ತಿಳಿಸುವುದು ಕಡ್ಡಾಯ ಎಂಬ ನೆಲೆಗೆ ವೃತ್ತಿಸಂಹಿತೆಗಳು ಬಂದು ನಿಂತಿವೆ. ಅವನ ವಕೀಲರಿಗೆ ಮುಂಚಿತವಾಗಿ ವಿಷಯ ತಿಳಿದಿರಬೇಕು ಎಂಬುದು ಅದರ ಜೊತೆಗಿನ ಕಾವಲು. ವಕೀಲರೇ ಇನ್ನೂ ನೇಮಕವಾಗದಿದ್ದರೆ? ತುರ್ತು ಚಿಕಿತ್ಸೆಯ ಸಂದರ್ಭ ಬಿಟ್ಟರೆ, ಕಾಯುವುದೇ ಲೇಸು.

ಚಿಕಿತ್ಸೆ ಕೊಡುವವರೇ ಸಾಕ್ಷಿಯಾದಾಗ

ಮನೋವೈದ್ಯ ಅಲನ್ ಸ್ಟೋನ್ 1980ರ ದಶಕದಲ್ಲಿ ತಮ್ಮ ವೃತ್ತಿಬಾಂಧವರನ್ನೇ ಕೆಣಕಿದ್ದರು. ನ್ಯಾಯಾಲಯದ ಅಂಗಳಕ್ಕೆ ಬಂದ ವೈದ್ಯರು ಒಂದೋ ರೋಗಿಗೆ ನೆರವಾಗಲು ನ್ಯಾಯದ ನಿಯಮಗಳನ್ನು ತಿರುಚುತ್ತಾರೆ, ಇಲ್ಲವೇ ನ್ಯಾಯಕ್ಕೆ ನೆರವಾಗಲು ರೋಗಿಯನ್ನು ವಂಚಿಸುತ್ತಾರೆ ಎಂಬುದು ಅವರ ಆಕ್ಷೇಪದ ತಿರುಳು. ಇದಕ್ಕೆ ಇನ್ನೊಬ್ಬ ಮನೋವೈದ್ಯ ಪಾಲ್ ಆಪೆಲ್‌ಬಾಮ್ ಮಂಡಿಸಿದ ಉತ್ತರ ಈ ಕ್ಷೇತ್ರದ ಬಹುಮಂದಿ ಇಂದು ಒಪ್ಪುವಂಥದ್ದು: ನ್ಯಾಯಾಲಯಕ್ಕಾಗಿ ಪರೀಕ್ಷಿಸುವವರು ಆ ವ್ಯಕ್ತಿಯ ವೈದ್ಯರೇ ಅಲ್ಲ, ಅವರ ಬಾಧ್ಯತೆ ಸತ್ಯಕ್ಕೆ ಮತ್ತು ಎದುರಿಗಿರುವ ವ್ಯಕ್ತಿಯ ಗೌರವಕ್ಕೆ. "ರೋಗಿಗೆ ಕೇಡಾಗದಿರಲಿ" ಎಂಬ ವೈದ್ಯಧರ್ಮವನ್ನು ಇಲ್ಲಿ ಅಕ್ಷರಶಃ ಪಾಲಿಸಿದರೆ ಆರೋಪಿಗೆ ಪ್ರತಿಕೂಲವಾದ ಯಾವ ಸತ್ಯವನ್ನೂ ಹೇಳುವಂತಿಲ್ಲ.

ಹಾಗಾಗಿ ಒಬ್ಬರೇ ಚಿಕಿತ್ಸಕರೂ ಪರೀಕ್ಷಕರೂ ಆಗಬಾರದು ಎಂಬುದು ಸಾಮಾನ್ಯ ನಿಯಮ. ಕಾರಣ ಸರಳ. ಚಿಕಿತ್ಸೆ ನಿಂತಿರುವುದು ರೋಗಿಯ ಮಾತನ್ನು ನಂಬುವುದರ ಮೇಲೆ. ಅವನ ಕಥೆ ನಿಜವೋ ಸುಳ್ಳೋ ಎಂದು ಚಿಕಿತ್ಸಕರು ಊರೆಲ್ಲ ವಿಚಾರಿಸುವುದಿಲ್ಲ. ಪರೀಕ್ಷಕರ ಕೆಲಸ ಅನುಮಾನಿಸುವುದು: ಪೊಲೀಸ್ ಕಡತ, ಆಸ್ಪತ್ರೆಯ ಹಳೆಯ ದಾಖಲೆ, ಮನೆಯವರ ಹೇಳಿಕೆ ಎಲ್ಲವನ್ನೂ ತಾಳೆ ನೋಡುವುದು. ಎರಡು ವರ್ಷ ಚಿಕಿತ್ಸೆ ಕೊಟ್ಟವರು ಸಾಕ್ಷಿಕಟ್ಟೆಯಲ್ಲಿ ನಿಂತು ತಟಸ್ಥವಾಗಿ ಮಾತನಾಡುತ್ತೇನೆ ಎಂದರೆ ತಮ್ಮನ್ನೇ ನಂಬಿಸಿಕೊಂಡಿದ್ದಾರೆ ಎನ್ನಬೇಕು. ಆದರೆ ಒಬ್ಬರೇ ಮನೋವೈದ್ಯರಿರುವ ಜೈಲು ಆಸ್ಪತ್ರೆಗಳಲ್ಲಿ ಈ ನಿಯಮ ಪುಸ್ತಕದಲ್ಲೇ ಉಳಿಯುತ್ತದೆ. ಬೆಳಿಗ್ಗೆ ಮಾತ್ರೆ ಬರೆದುಕೊಟ್ಟವರೇ ಮಧ್ಯಾಹ್ನ ವಿಚಾರಣಾ ಸಾಮರ್ಥ್ಯದ ಪ್ರಮಾಣಪತ್ರ ಬರೆಯುತ್ತಾರೆ.

ನಿಯಮಕ್ಕೆ ಅಪವಾದವೂ ಉಂಟು, ಇರಲೇಬೇಕು. ಪರೀಕ್ಷೆ ನಡೆಯುತ್ತಿರುವಾಗ ಈತ ಇಂದು ರಾತ್ರಿ ಆತ್ಮಹತ್ಯೆಗೆ ಯತ್ನಿಸಬಹುದು ಎಂಬುದು ಸ್ಪಷ್ಟವಾದರೆ ನಾನು ವೈದ್ಯನಲ್ಲ ಎಂದು ಪುಸ್ತಕ ಮಡಚಿ ಎದ್ದುಹೋಗಲು ಬರುವುದಿಲ್ಲ. ಜೈಲಿನ ವೈದ್ಯಾಧಿಕಾರಿಗೆ ತಿಳಿಸಿಯೇ ಹೊರಡಬೇಕು.

ವರದಿಯಲ್ಲಿ ಏನಿರಬಾರದು

ಜನ ಹೆಚ್ಚು ಗಮನಿಸದ ವಿಷಯ ಇದು. ವಿಚಾರಣೆ ಎದುರಿಸುವ ಸಾಮರ್ಥ್ಯವನ್ನಷ್ಟೇ ನೋಡಲು ಹೋದ ತಜ್ಞರ ಮುಂದೆ ಆರೋಪಿ ಘಟನೆಯ ದಿನ ಏನೇನು ಮಾಡಿದೆ ಎಂದು ವಿವರವಾಗಿ ಹೇಳಿಬಿಟ್ಟ ಎಂದುಕೊಳ್ಳಿ. ಚಾಕು ಎಸೆದ ಜಾಗವನ್ನೂ ಹೇಳಿದ. ಅದನ್ನು ವರದಿಯಲ್ಲಿ ಬರೆಯಬೇಕೇ?

ಬರೆಯಬಾರದು. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. "ಘಟನೆಯ ಬಗ್ಗೆ ಕ್ರಮಬದ್ಧವಾಗಿ, ಗೊಂದಲವಿಲ್ಲದೆ ಹೇಳಬಲ್ಲ, ತನ್ನ ವಕೀಲರಿಗೂ ಹೀಗೆ ವಿವರಿಸಬಲ್ಲ" ಎಂದಷ್ಟು ಬರೆದರೆ ನ್ಯಾಯಾಲಯಕ್ಕೆ ಬೇಕಾದದ್ದು ಸಿಕ್ಕಿತು. ಹೀಗೆ ಸಿಕ್ಕ ತಪ್ಪೊಪ್ಪಿಗೆಯನ್ನು ಅಪರಾಧ ಸಾಬೀತುಪಡಿಸಲು ಬಳಸುವಂತಿಲ್ಲ ಎಂದು ಕೆಲವು ದೇಶಗಳ ಕಾನೂನು ಹೇಳುತ್ತದೆ ನಿಜ. ಆದರೆ ಓದಿದ್ದನ್ನು ಓದಿಲ್ಲ ಎಂದು ಮಾಡಲು ಯಾವ ಕಾನೂನಿಗೂ ಸಾಧ್ಯವಿಲ್ಲ. ಪ್ರಾಸಿಕ್ಯೂಷನ್ ಕೈಗೆ ವರದಿ ಸೇರಿದ ಮೇಲೆ ತನಿಖೆ ಯಾವ ದಿಕ್ಕಿಗೆ ಹೊರಳಿತು, ಯಾಕೆ ಹೊರಳಿತು ಎಂದು ಪತ್ತೆಹಚ್ಚುವವರು ಯಾರು?

ಹೊಣೆಗಾರಿಕೆಯ ಪರೀಕ್ಷೆಯಾದರೆ ಕಥೆ ಬೇರೆ. ಅಲ್ಲಿ ಘಟನೆಯ ವಿವರವೇ ಪರೀಕ್ಷೆಯ ಸಾಮಗ್ರಿ. ಅದನ್ನು ಬಿಟ್ಟರೆ ವರದಿಗೆ ಬುಡವೇ ಇರುವುದಿಲ್ಲ. ಇದೇ ಕಾರಣಕ್ಕೆ ಎರಡೂ ಪರೀಕ್ಷೆಗಳನ್ನು ಒಂದೇ ಬಾರಿಗೆ ಮುಗಿಸಿ ಒಂದೇ ವರದಿಯಲ್ಲಿ ಕೊಡಿ ಎಂಬ ಆದೇಶಗಳು ತಜ್ಞರನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಸಮಯ ಉಳಿಯುತ್ತದೆ ಎಂಬುದು ನ್ಯಾಯಾಲಯದ ಲೆಕ್ಕ. ಪ್ರತ್ಯೇಕ ವರದಿ ಕೊಡಲು ಅನುಮತಿ ಕೇಳುವುದು ತಜ್ಞರಿಗಿರುವ ದಾರಿ.

ಆರೋಪಿಯ ಬಾಯಿಂದ ಬಂದ ಮೂರನೆಯವರ ವಿಷಯವೂ ಹೀಗೆಯೇ. ತಂಗಿಯ ಮೇಲೆ ನಡೆದ ದೌರ್ಜನ್ಯ, ತಂದೆಯ ಕಾಯಿಲೆ, ಹೆಂಡತಿಯ ಗುಟ್ಟು. ಇವರಾರೂ ಎಚ್ಚರಿಕೆ ಕೇಳಿದವರಲ್ಲ, ಪರೀಕ್ಷೆಗೆ ಒಳಪಟ್ಟವರಲ್ಲ. ವರದಿ ತೆರೆದ ನ್ಯಾಯಾಲಯದಲ್ಲಿ ಓದಲ್ಪಡಬಹುದು, ಮರುದಿನ ಪತ್ರಿಕೆಯಲ್ಲಿ ಬರಬಹುದು.

ಹಣ ಕೊಟ್ಟವರ ಕಡೆಗೆ ವಾಲುವುದು

ತೀರ್ಪು ತಮ್ಮ ಪರವಾದರೆ ಮಾತ್ರ ಶುಲ್ಕ ಎಂಬ ಒಪ್ಪಂದಕ್ಕೆ ತಜ್ಞರು ಒಪ್ಪಬಾರದು ಎಂಬುದರಲ್ಲಿ ವೃತ್ತಿಸಂಹಿತೆಗಳಿಗೆ ಭಿನ್ನಮತವಿಲ್ಲ. ಅದು ಸುಲಭದ ಭಾಗ. ಕಷ್ಟದ ಭಾಗವನ್ನು ತೋರಿಸಿದ್ದು 2013ರಲ್ಲಿ ಪ್ರಕಟವಾದ, ಡೇನಿಯಲ್ ಮರ‍್ರಿ ಮತ್ತು ಸಂಗಡಿಗರು ನಡೆಸಿದ ಒಂದು ಪ್ರಯೋಗ. ಈ ಕೆಲಸದಲ್ಲಿ ಅನುಭವವಿದ್ದ 108 ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯರಿಗೆ ಶುಲ್ಕ ಕೊಟ್ಟು, ಲೈಂಗಿಕ ಅಪರಾಧಿಗಳ ನಿಜವಾದ ಕಡತಗಳನ್ನು ಕೊಡಲಾಯಿತು. ಕಡತಗಳು ಎಲ್ಲರಿಗೂ ಅವೇ. ಆದರೆ ಕೆಲವರಿಗೆ ನಿಮ್ಮನ್ನು ನೇಮಿಸಿಕೊಂಡಿರುವುದು ಪ್ರಾಸಿಕ್ಯೂಷನ್ ಎಂದೂ, ಉಳಿದವರಿಗೆ ಆರೋಪಿಯ ಪರ ವಕೀಲರು ಎಂದೂ ಹೇಳಲಾಗಿತ್ತು. ಪ್ರಾಸಿಕ್ಯೂಷನ್ ಕಡೆಯವರೆಂದುಕೊಂಡವರು ಅದೇ ವ್ಯಕ್ತಿಗಳಿಗೆ ಹೆಚ್ಚು ಅಪಾಯದ ಅಂಕ ಕೊಟ್ಟರು. ಪರೀಕ್ಷಕರ ವೈಯಕ್ತಿಕ ತೀರ್ಮಾನಕ್ಕೆ ಹೆಚ್ಚು ಜಾಗವಿದ್ದ ಅಳತೆಗೋಲಿನಲ್ಲಿ ಈ ಅಂತರ ಇನ್ನೂ ದೊಡ್ಡದಾಗಿತ್ತು.

ಇವರಲ್ಲಿ ಯಾರಿಗೂ ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಕೇಳಿದರೆ ಎಲ್ಲರೂ ತಾವು ನಿಷ್ಪಕ್ಷಪಾತಿಗಳೆಂದೇ ಹೇಳುತ್ತಿದ್ದರೇನೋ. ತಂಡದ ಭಾವನೆ ಮನಸ್ಸಿಗೆ ಗೊತ್ತಾಗದಂತೆ ಕೆಲಸ ಮಾಡುತ್ತದೆ. ವಕೀಲರು ಕಡತ ಕಳುಹಿಸುವಾಗ ಯಾವ ದಾಖಲೆಯನ್ನು ಮೇಲಿಟ್ಟರು, ಫೋನಿನಲ್ಲಿ ಯಾವ ವಿಶೇಷಣ ಬಳಸಿದರು ಎಂಬುದೇ ಸಾಕು.

ಹಾಗಾದರೆ ಎರಡೂ ಕಡೆಯವರನ್ನು ಬಿಟ್ಟು ನ್ಯಾಯಾಲಯವೇ ತಜ್ಞರನ್ನು ನೇಮಿಸಿದರೆ ಆಯಿತಲ್ಲ? ನಾರ್ವೆಯಲ್ಲಿ ಹಾಗೆಯೇ ನಡೆಯುತ್ತದೆ. 2011ರ ಜುಲೈ 22ರಂದು 77 ಜನರನ್ನು ಕೊಂದ ಆಂಡರ್ಸ್ ಬ್ರೈವಿಕ್‌ನನ್ನು ನ್ಯಾಯಾಲಯ ನೇಮಿಸಿದ ಇಬ್ಬರು ಮನೋವೈದ್ಯರು ಪರೀಕ್ಷಿಸಿ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ ಎಂಬ, ಭ್ರಮೆಗಳು ಕಾಡುವ ತೀವ್ರ ಮನೋರೋಗ ಇದೆ ಎಂದರು. ಗದ್ದಲವೆದ್ದ ಮೇಲೆ ನ್ಯಾಯಾಲಯವೇ ನೇಮಿಸಿದ ಇನ್ನಿಬ್ಬರು ಅವನಿಗೆ ಮನೋವಿಕಲತೆ ಇರಲಿಲ್ಲ ಎಂದರು. ಆಮೇಲೆ ನಡೆದದ್ದು ಇನ್ನೂ ವಿಚಿತ್ರ: ಅವನನ್ನು ಚಿತ್ತವಿಕಲನೆಂದು ಪರಿಗಣಿಸಿ ಎಂದು ಕೇಳಿದ್ದು ಪ್ರಾಸಿಕ್ಯೂಷನ್, ಸ್ವಸ್ಥನೆಂದು ವಾದಿಸಿದ್ದು ಅವನ ಸ್ವಂತ ವಕೀಲರು. ತನ್ನ ರಾಜಕೀಯವನ್ನು ಹುಚ್ಚು ಎಂದು ತಳ್ಳಿಹಾಕುವುದು ಬ್ರೈವಿಕ್‌ಗೆ ಬೇಕಿರಲಿಲ್ಲ. 2012ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅವನನ್ನು ಸ್ವಸ್ಥನೆಂದು ಪರಿಗಣಿಸಿ 21 ವರ್ಷಗಳ ಶಿಕ್ಷೆ ವಿಧಿಸಿತು. ಇಲ್ಲಿ ಹಣದ ಸೆಳೆತವಿಲ್ಲ, ಪಕ್ಷದ ಸೆಳೆತವಿಲ್ಲ. ಆದರೂ ಒಬ್ಬನೇ ಮನುಷ್ಯನ ಮಾತುಗಳಲ್ಲಿ ಎರಡು ತಂಡಗಳಿಗೆ ಎರಡು ಬೇರೆ ಮನಸ್ಸುಗಳು ಕಂಡವು. ವಿಕೃತ ಸಿದ್ಧಾಂತ ಎಲ್ಲಿ ಮುಗಿಯುತ್ತದೆ, ಕಾಯಿಲೆಯ ಭ್ರಮೆ ಎಲ್ಲಿ ಶುರುವಾಗುತ್ತದೆ ಎಂದು ಅಳೆಯುವ ರಕ್ತಪರೀಕ್ಷೆ ಯಾವುದೂ ಇಲ್ಲ.

ಹಾಗಾಗಿ ಆರೋಪಿ ಹೊಣೆಗಾರನೇ ಅಲ್ಲವೇ ಎಂಬ ಕೊನೆಯ ಪ್ರಶ್ನೆಗೆ ತಜ್ಞರು ಉತ್ತರಿಸಲೇಬಾರದು ಎಂಬ ವಾದವೂ ಬಲವಾಗಿದೆ. ಈ ಕಾಯಿಲೆ ಇದೆ, ಆ ದಿನ ಅವನ ಯೋಚನೆಯ ಮೇಲೆ ಅದರ ಪರಿಣಾಮ ಹೀಗಿದ್ದಿರಬಹುದು ಎನ್ನುವವರೆಗೆ ಮನಶ್ಶಾಸ್ತ್ರ. ಆದ್ದರಿಂದ ಇವನು ಹೊಣೆಗಾರನಲ್ಲ ಎನ್ನುವುದು ನೈತಿಕ ತೀರ್ಮಾನ, ನ್ಯಾಯಾಧೀಶರದು. ಅಧ್ಯಕ್ಷ ರೇಗನ್ ಅವರ ಮೇಲೆ ಗುಂಡು ಹಾರಿಸಿದ ಜಾನ್ ಹಿಂಕ್ಲಿ 1982ರಲ್ಲಿ ಚಿತ್ತವಿಕಲತೆಯ ಆಧಾರದ ಮೇಲೆ ನಿರ್ದೋಷಿಯೆನಿಸಿದ ನಂತರ, 1984ರಲ್ಲಿ ಅಮೆರಿಕದ ಸಂಸತ್ತು ಫೆಡರಲ್ ನ್ಯಾಯಾಲಯಗಳಲ್ಲಿ ತಜ್ಞರು ಆ ಕೊನೆಯ ಮಾತನ್ನು ಹೇಳದಂತೆ ನಿರ್ಬಂಧಿಸಿತು. ಗಡಿ ಹಾಕಿದ್ದು ಸರಿ. ಆದರೆ ನ್ಯಾಯಾಧೀಶರು ಸಾಮಾನ್ಯವಾಗಿ ತಜ್ಞರತ್ತ ನೋಡಿ "ಒಂದೇ ಮಾತಿನಲ್ಲಿ ಹೇಳಿ" ಎನ್ನುತ್ತಾರೆ. ಅಲ್ಲಿ ಇಲ್ಲ ಎನ್ನಲು ಸ್ವಲ್ಪ ಧೈರ್ಯ ಬೇಕು.

ನಾಳೆಯ ಬಗ್ಗೆ ಪ್ರಮಾಣ ಮಾಡುವುದು

ಮತ್ತೆ ಗ್ರಿಗ್ಸನ್ ಅವರ ವಿಷಯ. 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂದ ಬೇರ್‌ಫೂಟ್ ಪ್ರಕರಣದಲ್ಲಿ ಅವರು ಮತ್ತು ಇನ್ನೊಬ್ಬ ಮನೋವೈದ್ಯರು ಆರೋಪಿಯನ್ನು ಕಣ್ಣಾರೆ ನೋಡದೆಯೇ, ವಕೀಲರು ಕೊಟ್ಟ ಕಾಲ್ಪನಿಕ ವಿವರಣೆಯ ಮೇಲೆ ಭವಿಷ್ಯ ನುಡಿದಿದ್ದರು. ಇಂಥವನು ಮತ್ತೆ ಹಿಂಸೆ ಎಸಗುವುದು ನೂರಕ್ಕೆ ನೂರು ಖಚಿತ ಎಂಬುದು ಗ್ರಿಗ್ಸನ್ ಸಾಕ್ಷ್ಯ. ಅಮೆರಿಕದ ಮನೋವೈದ್ಯರ ಸಂಘವೇ ನ್ಯಾಯಾಲಯಕ್ಕೆ ಬರೆದು, ದೂರದ ಭವಿಷ್ಯದ ಹಿಂಸೆಯ ಬಗ್ಗೆ ಇಂಥ ನುಡಿಗಳು ಮೂರರಲ್ಲಿ ಎರಡು ಬಾರಿ ತಪ್ಪಾಗುತ್ತವೆ ಎಂದು ತಿಳಿಸಿತು. ಆದರೂ ನ್ಯಾಯಾಲಯ ಸಾಕ್ಷ್ಯವನ್ನು ಒಪ್ಪಿತು: ತಪ್ಪಿದ್ದರೆ ಪಾಟೀಸವಾಲಿನಲ್ಲಿ ಹೊರಬರುತ್ತದೆ ಎಂಬ ನಂಬಿಕೆಯ ಮೇಲೆ. 1984ರಲ್ಲಿ ಬೇರ್‌ಫೂಟ್‌ಗೆ ಮರಣದಂಡನೆಯಾಯಿತು. 1995ರಲ್ಲಿ ಸಂಘ ಗ್ರಿಗ್ಸನ್ ಅವರನ್ನು ಸದಸ್ಯತ್ವದಿಂದ ಹೊರಹಾಕಿತು.

ಅವರು ಅಪಾಯಕಾರಿ ಎಂದು ಸಾರಿದ್ದವರಲ್ಲಿ ರ‍್ಯಾಂಡಲ್ ಡೇಲ್ ಆಡಮ್ಸ್ ಕೂಡ ಒಬ್ಬರು. ಪೊಲೀಸ್ ಅಧಿಕಾರಿಯ ಕೊಲೆ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಡಮ್ಸ್ 1989ರಲ್ಲಿ ತೀರ್ಪು ರದ್ದಾಗಿ, ಆರೋಪ ಕೈಬಿಟ್ಟ ಮೇಲೆ ಬಿಡುಗಡೆಯಾದರು. ಮೊದಲ ಕೊಲೆಯನ್ನೇ ಮಾಡದವರು ಮತ್ತೆ ಕೊಲ್ಲುತ್ತಾರೆ ಎಂದು ತಜ್ಞರೊಬ್ಬರು ಪ್ರಮಾಣ ಮಾಡಿ ಹೇಳಿದ್ದರು.

ಈ ಪ್ರಸಂಗದಲ್ಲಿ ಅಡಗಿರುವ ತರ್ಕದ ಬಿರುಕು ಗ್ರಿಗ್ಸನ್ ಒಬ್ಬರದಲ್ಲ. ರಾಬರ್ಟ್ ಹೇರ್ ರೂಪಿಸಿದ, ವ್ಯಾಪಕವಾಗಿ ಬಳಕೆಯಲ್ಲಿರುವ ಮನೋವಿಕೃತಿಯ (ಸೈಕೋಪತಿ, ಎಂದರೆ ಇತರರ ಬಗ್ಗೆ ಮರುಕವಿಲ್ಲದ ಸ್ವಭಾವದ) ಪಟ್ಟಿಯಲ್ಲಿ 20 ಅಂಶಗಳಿವೆ. ಒಂದೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 40. ಪಶ್ಚಾತ್ತಾಪವಿಲ್ಲದಿರುವುದು ಅದರಲ್ಲೊಂದು. ಅಪರಾಧ ಇನ್ನೂ ಸಾಬೀತಾಗದ ಹಂತದಲ್ಲಿ "ನಾನು ಮಾಡಿಲ್ಲ" ಎನ್ನುತ್ತಿರುವವನಲ್ಲಿ ಪಶ್ಚಾತ್ತಾಪ ಹುಡುಕುವುದು ಹೇಗೆ? ಮಾಡದ ತಪ್ಪಿಗೆ ಮರುಗುವುದು ಯಾರಿಂದಲೂ ಆಗದು. ಮಾಡಿದ್ದು ನಿಜವೆಂದು ಮೊದಲೇ ಊಹಿಸಿಕೊಂಡರೆ ಮಾತ್ರ ಅವನ ನಿರಾಕರಣೆ ಕ್ರೌರ್ಯದ ಲಕ್ಷಣವಾಗಿ ಕಾಣುತ್ತದೆ. ಭಾರತದ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಇದೇ ಬಗೆಯ ಇಕ್ಕಟ್ಟಿದೆ. ಘೋರ ಅಪರಾಧದ ಆರೋಪ ಹೊತ್ತ 16ರಿಂದ 18 ವಯಸ್ಸಿನವರಿಗೆ ಅದನ್ನು ಎಸಗುವ ಸಾಮರ್ಥ್ಯವಿತ್ತೇ, ಪರಿಣಾಮದ ಅರಿವಿತ್ತೇ ಎಂಬ ಪ್ರಾಥಮಿಕ ಮೌಲ್ಯಮಾಪನ ವಿಚಾರಣೆಗೆ ಮುನ್ನವೇ ನಡೆಯಬೇಕು. ಎಸಗಿದ್ದಾನೋ ಇಲ್ಲವೋ ಗೊತ್ತಿಲ್ಲದ ಕೃತ್ಯದ ಅರಿವನ್ನು ಅಳೆಯಲು ಹೊರಟವರು ಹೆಜ್ಜೆಹೆಜ್ಜೆಗೂ ತಮ್ಮ ಊಹೆಯನ್ನೇ ಸಂಶಯಿಸಬೇಕಾಗುತ್ತದೆ.

ಅಂಕೆಗಳ ನೆರಳಲ್ಲಿ ಪೂರ್ವಗ್ರಹ ನುಸುಳುವುದೂ ಉಂಟು. ಟೆಕ್ಸಸ್‌ನ ಡ್ವೇನ್ ಬಕ್ ಪ್ರಕರಣದಲ್ಲಿ ಆರೋಪಿಯ ಪರವಾಗಿಯೇ ಬಂದ ಮನಶ್ಶಾಸ್ತ್ರಜ್ಞರು ಈತ ಮತ್ತೆ ಅಪಾಯಕಾರಿಯಾಗುವ ಸಂಭವ ಕಡಿಮೆ ಎಂದರೂ, ಕಪ್ಪುವರ್ಣೀಯನಾಗಿರುವುದು ಹಿಂಸೆಯ ಸಂಭವವನ್ನು ಹೆಚ್ಚಿಸುತ್ತದೆ ಎಂದುಬಿಟ್ಟರು. 2017ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು.

ಬುದ್ಧಿಮತ್ತೆಯ ಅಂಕದ್ದು ಇನ್ನೊಂದು ಕಥೆ. ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ಕೂಡದು ಎಂದು 2002ರಲ್ಲಿ ಅಮೆರಿಕದಲ್ಲಿ ತೀರ್ಪಾಯಿತು. ಫ್ಲಾರಿಡಾ ರಾಜ್ಯ 70 ಎಂಬ ಗೆರೆ ಎಳೆದು, ಒಂದು ಅಂಕ ಹೆಚ್ಚಿದ್ದರೂ ರಕ್ಷಣೆ ಇಲ್ಲ ಎಂದಿತು. 71 ಅಂಕ ಪಡೆದಿದ್ದವನ ಪ್ರಕರಣದಲ್ಲಿ, 2014ರಲ್ಲಿ, ಸುಪ್ರೀಂ ಕೋರ್ಟ್ ಆ ಗೆರೆಯನ್ನು ಅಳಿಸಿತು. ಯಾವ ಬುದ್ಧಿಮತ್ತೆ ಪರೀಕ್ಷೆಯ ಅಂಕದಲ್ಲೂ ಸುಮಾರು ಐದು ಅಂಕ ಅತ್ತಿತ್ತ ಆಗುವ ಸಾಧ್ಯತೆ ಇದ್ದೇ ಇರುತ್ತದೆ. ಇದು ಗೊತ್ತಿರುವ ತಜ್ಞರು ಬರೇ 71 ಎಂದು ಬರೆದು ಸುಮ್ಮನಾದರೆ ಸುಳ್ಳು ಹೇಳಿದಂತಾಗುವುದಿಲ್ಲ, ನಿಜ ಹೇಳಿದಂತೆಯೂ ಆಗುವುದಿಲ್ಲ.

ನಟನೆ ಮತ್ತು ಮೌನ

ಕಾಯಿಲೆಯ ನಟನೆ ಮಾಡುವವರು ಇದ್ದಾರೆ. ನ್ಯೂಯಾರ್ಕಿನ ಮಾಫಿಯಾ ನಾಯಕ ವಿನ್ಸೆಂಟ್ ಗಿಗಾಂಟೆ ಸ್ನಾನದ ನಿಲುವಂಗಿ ತೊಟ್ಟು, ಏನೇನೋ ಗೊಣಗುತ್ತಾ ಬೀದಿಯಲ್ಲಿ ಅಲೆದು ದಶಕಗಳ ಕಾಲ ಹೆಸರಾಂತ ಮನೋವೈದ್ಯರನ್ನೂ ನಂಬಿಸಿದ್ದ. 2003ರಲ್ಲಿ ಅದೆಲ್ಲ ನಾಟಕವೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ನಟನೆಯನ್ನು ಹಿಡಿಯುವ ಪರೀಕ್ಷೆಗಳಲ್ಲಿ ಒಂದು ಬಗೆ ಹೀಗಿದೆ: ಮೊದಲು ಒಂದಿಷ್ಟು ಚಿತ್ರ ತೋರಿಸಿ, ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು ಮೊದಲು ನೋಡಿದ್ದು ಯಾವುದೆಂದು ಕೇಳುತ್ತಾರೆ. ಏನೂ ನೆನಪಿಲ್ಲದವರು ಕಣ್ಣುಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗುತ್ತದೆ. ಅದಕ್ಕಿಂತ ತೀರಾ ಕಡಿಮೆ ಬಂದರೆ ಸರಿಯುತ್ತರ ಗೊತ್ತಿದ್ದೂ ಬಿಟ್ಟಿದ್ದಾರೆ ಎಂದರ್ಥ. ಇದು ಸುಳ್ಳು ಹಿಡಿಯುವ ಪರೀಕ್ಷೆ ಎಂದು ಮೊದಲೇ ಹೇಳಿದರೆ ಪರೀಕ್ಷೆ ವ್ಯರ್ಥ, ಹೇಳದಿದ್ದರೆ ಪೂರ್ಣ ಮಾಹಿತಿ ಕೊಟ್ಟಂತಲ್ಲ. ಉತ್ಪ್ರೇಕ್ಷೆಯನ್ನು ಗುರುತಿಸುವ ವಿಧಾನಗಳೂ ಪರೀಕ್ಷೆಯಲ್ಲಿ ಸೇರಿರುತ್ತವೆ ಎಂದು ಒಟ್ಟಾರೆಯಾಗಿ ತಿಳಿಸಿ ಮುಂದುವರಿಯುವುದು ನ್ಯಾಯವಾದ ಮಧ್ಯದ ದಾರಿ ಎಂದು ನನಗನಿಸುತ್ತದೆ. ನಟಿಸಿದವನಿಗೆ ಕಾಯಿಲೆಯೇ ಇಲ್ಲ ಎಂದು ತೀರ್ಮಾನಿಸುವುದು ಮಾತ್ರ ದೊಡ್ಡ ಪ್ರಮಾದ. ನಿಜವಾಗಿ ಕಾಯಿಲೆ ಇರುವವನೂ, ತನ್ನನ್ನು ಯಾರೂ ನಂಬಲಾರರೆಂಬ ಭಯದಿಂದ ಉಪ್ಪುಖಾರ ಹಚ್ಚಿ ಹೇಳುವುದುಂಟು.

ಸತ್ಯ ಬೇಕೆಂಬ ಹಟ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಮಂಪರು ಪರೀಕ್ಷೆ ಉದಾಹರಣೆ. ಅದು ಮನಸ್ಥಿತಿಯ ಮೌಲ್ಯಮಾಪನವಲ್ಲ, ತನಿಖೆಯ ಸಾಧನ. ಆದರೆ ಪ್ರಶ್ನೆ ಕೇಳಲು ಕೂರುವವರಲ್ಲಿ ಮನಶ್ಶಾಸ್ತ್ರಜ್ಞರೂ ಇರುತ್ತಾರೆ. 2010ರ ಸೆಲ್ವಿ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಸ್ಪಂದನ ದಾಖಲಿಸುವ ಪರೀಕ್ಷೆ ಯಾವುದನ್ನೂ ನಡೆಸುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಒತ್ತಾಯಿಸಬಾರದು ಎಂಬ ಹಕ್ಕು ಬಾಯಿಗಷ್ಟೇ ಅಲ್ಲ, ಮಿದುಳಿಗೂ ಅನ್ವಯವಾಯಿತು.

ಗುಣಪಡಿಸಿ, ಗಲ್ಲಿಗೇರಿಸುವುದು

ಎಲ್ಲ ತೊಡಕುಗಳೂ ಒಂದೇ ಕಡೆ ಬಂದು ಸೇರುವ ಜಾಗ ಇದು. ತನಗೆ ಯಾಕೆ ಸಾವು ವಿಧಿಸಲಾಗಿದೆ ಎಂಬ ಅರಿವೇ ಇಲ್ಲದ ಚಿತ್ತವಿಕಲ ಕೈದಿಯನ್ನು ಗಲ್ಲಿಗೇರಿಸಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಮಾನವೀಯ ತೀರ್ಪು. ಅದರ ನೆರಳು ಮಾತ್ರ ಕತ್ತಲೆಯದು: ಔಷಧಿ ಕೊಟ್ಟು ಅರಿವು ಮರಳಿದರೆ ಶಿಕ್ಷೆ ಜಾರಿಯಾಗುತ್ತದೆ. ಕೈದಿಯ ಭ್ರಮೆಗಳನ್ನು ನಿವಾರಿಸಿದ ವೈದ್ಯರು ಅವನನ್ನು ಸಾವಿಗೆ ಸಿದ್ಧಪಡಿಸಿದಂತಾಗುತ್ತದೆ. ಔಷಧಿ ಕೊಡದಿದ್ದರೆ ಯಾತನೆಯಲ್ಲಿ ನರಳುವವನನ್ನು ಕಣ್ಣೆದುರೇ ಬಿಟ್ಟಂತೆ. ಲೂಯಿಸಿಯಾನದ ನ್ಯಾಯಾಲಯ 1992ರಲ್ಲಿ ಇದಕ್ಕಾಗಿ ಬಲವಂತದ ಔಷಧಿ ಕೂಡದು ಎಂದಿತು. 2003ರಲ್ಲಿ ಒಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಅರ್ಕಾನ್ಸಾದ ಕೈದಿಯೊಬ್ಬನ ವಿಷಯದಲ್ಲಿ ಆಗಬಹುದು ಎಂದಿತು. ಮರುವರ್ಷದ ಜನವರಿಯಲ್ಲಿ ಅವನ ಶಿಕ್ಷೆ ಜಾರಿಯಾಯಿತು.

ಅಮೆರಿಕದ ವೈದ್ಯಕೀಯ ಸಂಘದ ಸಂಹಿತೆ ಇಲ್ಲಿ ಒಂದು ಗೆರೆ ಎಳೆದಿದೆ. ಶಿಕ್ಷೆ ಕಡಿತದ ಆದೇಶ ಮೊದಲೇ ಕೈಸೇರದಿದ್ದರೆ, ಮರಣದಂಡನೆಗೆ ಅರ್ಹನಾಗಿಸುವ ಉದ್ದೇಶದಿಂದ ವೈದ್ಯರು ಚಿಕಿತ್ಸೆ ಕೊಡಬಾರದು. ಆದರೆ ಅರ್ಹನೋ ಅಲ್ಲವೋ ಎಂಬ ಬಗ್ಗೆ ತಮ್ಮ ಪರೀಕ್ಷೆಯ ಫಲಿತಾಂಶವನ್ನು ನ್ಯಾಯಾಲಯದ ಮುಂದಿಡಬಹುದು, ತೀರ್ಮಾನ ನ್ಯಾಯಾಲಯದ್ದು. ಚಿಕಿತ್ಸೆ ಬೇಡ, ಪರೀಕ್ಷೆ ಆಗಬಹುದು ಎಂಬ ಈ ಭೇದ ಕೆಲವರಿಗೆ ಕೂದಲು ಸೀಳಿದಂತೆ ಕಾಣುತ್ತದೆ. ಅವರು ಇಂಥ ಪರೀಕ್ಷೆಗೆ ಹೋಗುವುದೇ ಇಲ್ಲ. ಅವರ ಮನಸ್ಸಾಕ್ಷಿಯನ್ನು ನಾನು ಗೌರವಿಸುತ್ತೇನೆ, ನಿರ್ಧಾರವನ್ನು ಪೂರ್ತಿ ಒಪ್ಪುವುದಿಲ್ಲ. ಮರಣದಂಡನೆಯ ಬಗ್ಗೆ ಅಳುಕು ಇರುವವರೆಲ್ಲ ಹಿಂದೆ ಸರಿದರೆ ಪರೀಕ್ಷೆ ನಿಲ್ಲುವುದಿಲ್ಲ. ಅಳುಕಿಲ್ಲದವರ ಪಟ್ಟಿಯಿಂದ ನ್ಯಾಯಾಲಯ ಹೆಸರು ಆರಿಸಿಕೊಳ್ಳುತ್ತದೆ, ಕೈದಿಯ ಭ್ರಮೆಯನ್ನು ಗುರುತಿಸಬಹುದಾಗಿದ್ದ ಒಂದು ಜೊತೆ ಕಣ್ಣು ಕಡಿಮೆಯಾಗುತ್ತದೆ.